ಕಾಗದದಲ್ಲಿ ಇಲ್ಲದ್ದು

ಮ್ವಾಂಜಾ. ಸರೋವರದ ಕಡೆಗೊಂದು ಕಿಟಕಿ,
ಒಣಮೀನಿನ ವಾಸನೆಗೆ ಯಾರೋ ಅರ್ಧ ಮುಚ್ಚಿದ್ದಾರೆ.
ಮೇಜಿನ ಮೇಲೆ ರಬ್ಬರಿನ ಸೊಂಟ.
ತೊಡೆ ಅರ್ಧಕ್ಕೇ ಮುಗಿಯುತ್ತದೆ, ಮೇಲೆ ಮುಖವಿಲ್ಲ;
ಇದರ ಮುಂದೆ ನನ್ನ ಹುಡುಗರು ಬಲು ಧೈರ್ಯವಂತರು.

"ಇದಕ್ಕೆ ಏನೆನ್ನುತ್ತಾರೆ?"
ಲ್ಯಾಟಿನ್ ಹೆಸರು ಹನ್ನೆರಡು ಬಾಯಿಂದ ಒಟ್ಟಿಗೇ ಬಂತು.
"ಅದಲ್ಲ. ಸುಕುಮಾದಲ್ಲಿ. ನಿಮ್ಮಜ್ಜಿಯ ಮಾತಿನಲ್ಲಿ."
ಫ್ಯಾನು ತಿರುಗಿತು.
ಲಿಮಿ ಉಗುರು ನೋಡಿಕೊಂಡಳು.
ಹಿಂದಿನ ಬೆಂಚಿನಿಂದ ಒಬ್ಬ ಅಂದೇಬಿಟ್ಟ,
ಕುಡಿದವರು ಜಗಳದಲ್ಲಿ ಎಸೆಯುವ ಪದ.
ಎಲ್ಲರೂ ನಕ್ಕರು, ನಾನೂ.
ಆಮೇಲೆ ಬೋರ್ಡಿನ ಮೇಲೆ ಬರೆದೆ, ಕೈ ನಡುಗಿತು,
ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ಕೈ.
ಈ ತುದಿಗೆ ಬೈಗುಳ, ಆ ತುದಿಗೆ ಲ್ಯಾಟಿನ್,
ನಡುವೆ ಒಂದು ಗೇಣು ಖಾಲಿ.
"ನಿಮ್ಮ ರೋಗಿ ಬಂದು ಕೂರುವುದು ಇಲ್ಲಿ."

ಎರಡನೆಯ ತಾಸಿಗೆ ಮಿಂಜಾ ಬಂದಳು,
ಕಿರುಂಬಾ ಮಾರ್ಕೆಟ್ಟಿನ ಮೀನಿನಾಕೆ.
ತಾಸಿಗಿಷ್ಟೆಂದು ಕೊಟ್ಟು ಕರೆಸುತ್ತೇವೆ, ರೋಗಿಯ ಪಾತ್ರಕ್ಕೆ.
ಕಾಗದ ಓದಿ ಹೇಳಿದ್ದೆ: ಕೆಳಹೊಟ್ಟೆ ನೋವು, ಎರಡು ವರ್ಷದಿಂದ,
ಉಳಿದದ್ದು ಕೇಳಿದರೆ ಮಾತ್ರ ಹೇಳು.

ಲುಹೆಂಡೆ ಶುರುಮಾಡಿದ.
ಊಟ, ಜ್ವರ, ಮಕ್ಕಳೆಷ್ಟು, ಮತ್ತೆ ಊಟ.
ಬಾವಿಯ ಸುತ್ತ ಸುತ್ತಿದ, ಇಣುಕಲಿಲ್ಲ.
"ಗೋಡೆಯನ್ನು ಕೇಳುತ್ತಿದ್ದೀಯೇನಪ್ಪ?" ಎಂದೆ.
ಪೆನ್ನಿನ ಟೋಪಿ ತೆಗೆದ, ಹಾಕಿದ, ತೆಗೆದ.
ಮಿಂಜಾ ಬೇಸತ್ತು ಮೀನಿನ ರೇಟು ಹೇಳತೊಡಗಿದಳು.

ಕೊನೆಗೆ, ಕಿವಿಯವರೆಗೂ ಬೆವತು:
"ಅವ್ವಾ, ಗಂಡನ ಜೊತೆ ಮಲಗುವಾಗ ನೋವಾಗುತ್ತದಾ?"

"ಹೌದು. ಎರಡು ವರ್ಷದಿಂದ."
ಅವನು ಬರೆದುಕೊಂಡ. ಹುಡುಗರು ಉಸಿರು ಬಿಟ್ಟರು.
ಅವಳು ಮಾತ್ರ ನಿಲ್ಲಿಸಲಿಲ್ಲ.
"ಎರಡಲ್ಲ. ಮೊದಲ ರಾತ್ರಿಯಿಂದಲೂ.
ಹೀಗೇ ಇರುತ್ತದೆ ಅಂದುಕೊಂಡಿದ್ದೆ.
ಏಳು ಹೆತ್ತೆ, ನಾಲ್ಕು ಆಸ್ಪತ್ರೆ ಕಂಡೆ, ಒಬ್ಬರೂ ಕೇಳಲಿಲ್ಲ.
ನೀನು ಕೇಳಿದೆ ಮಗ,
ಅದೂ ದುಡ್ಡು ಕೊಟ್ಟು ಕರೆಸಿ."

ಕಾಗದ ತಿರುವಿದೆ. ಇರಲಿಲ್ಲ.
ನಾಲ್ಕು ಆಸ್ಪತ್ರೆಗಳಲ್ಲಿ ಒಂದು ನನ್ನದು.
ಅವಳ ಆರನೆಯದನ್ನು ಹಿಡಿದದ್ದು ನಾನು,
ತೂಕ ಬರೆದೆ, ಹೊಲಿಗೆ ಹಾಕಿದೆ,
ಮುಂದಿನ ಮಂಚಕ್ಕೆ ಹೋದೆ.

ಲುಹೆಂಡೆ ನನ್ನ ಮುಖ ನೋಡಿದ, ಮುಂದೇನು ಎಂಬಂತೆ.
ನನ್ನ ಪಾಠ ಅಷ್ಟೇ ಇದ್ದದ್ದು.
ಪೆನ್ನು ಕೆಳಗಿಟ್ಟ.
ಸ್ಟೂಲನ್ನು ಕಿರ್ರೆಂದು ಹತ್ತಿರಕ್ಕೆಳೆದು ಕೂತ,
ಏನೂ ಕೇಳದೆ.

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.
ಮಿಂಜಾ ಗೋಡೆ ಗಡಿಯಾರ ನೋಡಿ
ಸೆರಗಿನಷ್ಟಗಲದ ಕಾಂಗಾ ಸರಿಮಾಡಿಕೊಂಡಳು.
"ತಾಸು ಮುಗಿಯಿತು," ಎಂದಳು,
"ಇನ್ನು ಮೇಲಿನದಕ್ಕೆ ದುಡ್ಡು ಬೇಡ."