ಕೊಡಲಾಗಿದೆ

ವಾಸ್ಕೋದಲ್ಲಿ ಪಣಜಿ ಬಸ್ಸು ಹತ್ತಿ ಬಾಂಬೋಳಿಯಲ್ಲಿ ಇಳಿಯಬೇಕು.
ಕುಠ್ಠಾಳಿ ದಾಟಿ ಜುವಾರಿ ಸೇತುವೆ ಬಂದಾಗ
ನಾನು ಹೊಳೆಯ ಕಡೆ ನೋಡುವುದಿಲ್ಲ.
ಆ ರಾತ್ರಿ ಮೂರೂಕಾಲಿಗೆ ಇದೇ ಸೇತುವೆಯ ಮೇಲೆ
ಆಂಬ್ಯುಲೆನ್ಸಿನಲ್ಲಿ ರಬ್ಬರ್ ಚೀಲ ಅದುಮುತ್ತ ಎಣಿಸುತ್ತಿದ್ದೆ,
ಒಂದು, ಎರಡು, ಮೂರು, ಅದುಮು.
ಕೂಸಿನ ಅಂಗಾಲು ನೇರಳೆ ಹಣ್ಣಿನ ಬಣ್ಣ.

ಟ್ರೇಯಲ್ಲಿ ಎರಡು ಆಂಪೂಲು ಇದ್ದವು.
ಎರಡೂ ಕಂದು ಗಾಜು, ಎರಡೂ ಕಿರುಬೆರಳಿನುದ್ದ.
ಒಂದು ತಾಯಿಗೆ, ಗರ್ಭ ಬಿಗಿದು ನೆತ್ತರು ನಿಲ್ಲಲೆಂದು.
ಒಂದು ಕೂಸಿಗೆ, ಬರೀ ವಿಟಮಿನ್ನು, ಹುಟ್ಟಿದವಕ್ಕೆಲ್ಲ ಕೊಡುವಂಥದ್ದು.
ಪಾಳಿಯ ಹದಿನಾಲ್ಕನೇ ತಾಸು. ಟ್ಯೂಬ್‌ಲೈಟು ಮಿಣುಕುತ್ತಿತ್ತು.
ನೆಪ ಹೇಳುತ್ತಿಲ್ಲ;
ಮಿಣುಕುತ್ತಿತ್ತು, ಅಷ್ಟೆ.

ಐದು ದಿನ ಕೊಳವೆಯಲ್ಲಿ ಉಸಿರಾಡಿ,
ಹದಿನೆಂಟನೇ ದಿನ ಮನೆಗೆ ಹೋದ ಮೇಲೆ
ಹೆಸರಿಟ್ಟರು: ಕಲ್ಲವ್ವ.
ಸಾವು ಬಂದು ಕೂಗಿದರೆ
ಇಲ್ಲಿರುವುದು ಕಲ್ಲು ಎಂದು ತಿಳಿದು ಹೋಗಲಿ ಅಂತ.

ತಾಯಿ ಶಾವಂತ್ರವ್ವ, ರೋಣದ ಕಡೆಯವಳು.
ಜುವಾರಿನಗರದಲ್ಲಿ ತಗಡಿನ ಮನೆ,
ಗಂಡ ಬಂದರಿನ ಲಾರಿಗಳಿಗೆ ತಾಡಪತ್ರಿ ಹೊಚ್ಚುತ್ತಾನೆ.
ಅವಳಿಗೆ ಕೊಂಕಣಿ ಬಾರದು,
ಹಿಂದಿಯಲ್ಲಿ ‘ಕಿತ್ನಾ’ ಬರುತ್ತದೆ, ‘ಬಸ್’ ಬರುತ್ತದೆ.
ಹಾಗಾಗಿ ನನ್ನ ವಾರದ ರಜೆಯನ್ನು
ಗುರುವಾರಕ್ಕೆ ಬದಲಿಸಿಕೊಂಡೆ.
ಅಂಕೋಲೆಯ ಕನ್ನಡ ನನ್ನದು, ಆದರೂ ಕನ್ನಡ.
‘ಸುಗಂಧಿ ಸಿಸ್ಟರು ದೇವರಂಥಾಕಿ’ ಅಂತ
ಓಣಿಗೆಲ್ಲ ಹೇಳಿದ್ದಾಳಂತೆ.
ಡಬ್ಬಿ ತುಂಬ ಶೇಂಗಾ ಹಿಂಡಿ ಕೊಟ್ಟಿದ್ದಾಳೆ.
ತಿಂದಿಲ್ಲ.
ಎಸೆದೂ ಇಲ್ಲ.

ನಾಲ್ಕನೇ ತಿಂಗಳ ತಪಾಸಣೆ.
ತಲೆಗೆ ಟೇಪು ಸುತ್ತಿ ಬರೆದರು. ಕೈಕಾಲು ಮಡಚಿ ನೋಡಿದರು.
ಕೆಂಪು ಉಣ್ಣೆಯ ಚೆಂಡು ಎಡಕ್ಕೆ, ಬಲಕ್ಕೆ;
ಕಣ್ಣು ಹಿಂದೆ ಹಿಂದೆ ಹೋಯಿತು.
ಡಾಕ್ಟರು ಹೊಸಬಳು, ಚಿಕ್ಕವಳು,
ಫೈಲನ್ನು ಮೊದಲ ಹಾಳೆಯಿಂದ ಓದುವಂಥವಳು.
ಓದಿ, ನಿಲ್ಲಿಸಿ, ಕೊಂಕಣಿಯಲ್ಲಿ ನನಗೆ:
ಇದು ತಾಯಿಗೆ ಗೊತ್ತಿದೆಯೆ?
ಅವಳ ಭಾಷೆಯಲ್ಲಿ ಸರಿಯಾಗಿ ಹೇಳಿ.

ಹೇಳಿದೆ:
ಬಾಣಂತಿಗೆ ಕೊಡುವ ಮದ್ದನ್ನು
ತಪ್ಪಿ ಕೂಸಿಗೆ ಕೊಡಲಾಗಿದೆ.

ಶಾಲೆಯಲ್ಲಿ ಕರ್ಮಣಿ ಪ್ರಯೋಗಕ್ಕೆ
ಯಾವತ್ತೂ ಅಂಕ ಕಳೆದುಕೊಳ್ಳುತ್ತಿದ್ದೆ.
ಅವತ್ತು ಒಂದು ಅಕ್ಷರ ತಪ್ಪಲಿಲ್ಲ.

ಕುಲಾಯಿ ಕಟ್ಟುತ್ತಿದ್ದ ಶಾವಂತ್ರವ್ವನ ಕೈ
ಅರ್ಧ ಗಂಟಿಗೆ ನಿಂತಿತು.
‘ಕೊಡಲಾಗಿದೆ ಅಂದ್ರ?
ಮದ್ದು ತಾನಽ ನಡಕೋಂತ ಹೋತೇನು ಕೂಸಿನ ತೊಡಿಯಾಗ?
ಯಾರ ಕೊಟ್ರು?’

ಏನು ಕೇಳಿದಳು, ಎಂದರು ಡಾಕ್ಟರು.
ಆ ಕೋಣೆಯಲ್ಲಿ ಇಬ್ಬರಿಗೂ ಸೇರಿ
ಇದ್ದದ್ದು ನನ್ನದೊಂದೇ ನಾಲಿಗೆ.
ಆಚೆಗೊಂದು ಸುಳ್ಳು, ಈಚೆಗೊಂದು ಸುಳ್ಳು
ಹೇಳಿ ಎದ್ದು ಬರಬಹುದಿತ್ತು.

‘ನಾ’
ಎಂದೆ, ಅವಳ ಕನ್ನಡದಲ್ಲೇ.

ಬೈಯಲಿಲ್ಲ ಅವಳು. ಬೈದಿದ್ದರೆ ಬಸ್ಸಿನಲ್ಲಿ ಅಳಬಹುದಿತ್ತು.
ಗಂಟು ಬಿಚ್ಚಿ ಮತ್ತೆ ಕಟ್ಟಿದಳು.
ಹೊಸ ಸಿರಪ್ಪಿನ ಸೀಸೆಯನ್ನು ಬೆಳಕಿಗೆ ಹಿಡಿದು
ತನಗೆ ಓದಲು ಬಾರದ ಅಕ್ಷರಗಳ ಮೇಲೆ ಬೆರಳಿಟ್ಟು
‘ಓದು’ ಎಂದಳು.
ಓದಿದೆ. ಫಿಟ್ಸ್ ಬಾರದಿರಲಿ ಅಂತ ಇದು,
ಎರಡರಿಂದ ಒಂದೂವರೆಗೆ ಇಳಿಸಿದ್ದಾರೆ.
‘ಇನ್ನೊಮ್ಮೆ ಓದು.’
ಓದಿದೆ.
‘ಇನ್ನೊಮ್ಮೆ.’

ಬಸ್‌ಸ್ಟಾಪಿನಲ್ಲಿ ನಾಲ್ಕು ಮಾರು ದೂರ ನಿಂತಳು.
ಬಸ್ಸು ಕಂಡಾಗ, ನನ್ನ ಕಡೆ ತಿರುಗದೆ:
‘ಬರೂ ತಿಂಗಳ ಬಾ.
ಇವರ ಮಾತು ನನಗ ತಿಳಿಯೂದಿಲ್ಲ.’
ಸಿಸ್ಟರ್ ಅನ್ನಲಿಲ್ಲ.

ಅವಳ ಹೆಗಲ ಮೇಲಿಂದ ಕಲ್ಲವ್ವ
ನನ್ನ ಕೆಂಪು ಕೊಡೆಯನ್ನು ನೋಡುತ್ತಿತ್ತು.
ಮೆಲ್ಲಗೆ ಎಡಕ್ಕೆ ಸರಿಸಿದೆ.
ಸ್ವಲ್ಪ ತಡವಾಗಿ,
ಕಣ್ಣು ಬಂತು.