ಕತ್ತೆಯ ಕಿವಿ

ಕುತಾಯಿಸಿಯ ನನ್ನ ರೊಟ್ಟಿಯಂಗಡಿಯ ಹಿಂಗೋಡೆಗೆ
ಒಲೆಯ ಇದ್ದಿಲು ಕದ್ದು
ಕತ್ತೆ ಬರೆಯುತ್ತಿದ್ದಳು ತಂಗಿಯ ಮಗಳು ನುತ್ಸಾ.
ಒಂದು ಕತ್ತೆಗೆ ಒಂದು ಮಧ್ಯಾಹ್ನ;
ಕರೆದರೆ ಅವಳಿಗೆ ಕೇಳಿಸುತ್ತಿರಲಿಲ್ಲ,
ಕೇಳಿಸುತ್ತಿದ್ದುದು ಕತ್ತೆಗೆ.

ಮೆಚ್ಚಿ ನಾನೇ ಅಂದೆ: ಕತ್ತೆಗೊಂದು ನಾಣ್ಯ.

ಸಂಜೆಯೊಳಗೆ ಇಪ್ಪತ್ತು ಕತ್ತೆ.
ಮರುವಾರ ಮೂರೇ ಕಾಲಿನವು,
ಆಮೇಲೆ ಕಿವಿಯೂ ಇಲ್ಲ.
ಹಿಟ್ಟು ತುಟ್ಟಿಯಾಯಿತು, ನಾಣ್ಯ ನಿಂತಿತು,
ಇದ್ದಿಲು ಒಲೆಯಲ್ಲೇ ಉಳಿಯಿತು.
ಗೋಡೆಗೆ ಸುಣ್ಣ ಹೊಡೆಸಿದೆ.

ನಿನ್ನೆ, ನಲವತ್ತರ ನುತ್ಸಾ
ಸುಂಕದ ಕಚೇರಿಯಿಂದ ಬಂದವಳು
ರೊಟ್ಟಿ ಬೇಯಲೆಂದು ಕಾಯುತ್ತ
ಹಿಟ್ಟು ಚೆಲ್ಲಿದ ಹಲಗೆಯ ಮೇಲೆ ಬೆರಳಾಡಿಸಿದಳು.
ಒಂದು ಕಿವಿ. ಉದ್ದಕ್ಕೆ.
ಅಳಿಸಿದಳು. ಮತ್ತೆ ಎಳೆದಳು.

ರೊಟ್ಟಿ ಆಯಿತು ಎಂದೆ. ಕೇಳಿಸಲಿಲ್ಲ.

ಈ ಸಲ ನಾನು
ಬಾಯಿ ಮುಚ್ಚಿಕೊಂಡು
ಇನ್ನಷ್ಟು ಹಿಟ್ಟು ಚೆಲ್ಲಿದೆ.