ಹತ್ತು ಬಿಳಿ ಅಂಗಿ

ಸೋಮವಾರ ಬೆಳಿಗ್ಗೆ ಎರಡು ಸೈಕಲ್ಲು
ಗುತ್ತಲು ರಸ್ತೆಯ ನನ್ನ ಗಾಡಿಗೆ ಬಂದು ಒರಗುತ್ತವೆ.
ಗಂಟು ಒಂದೇ. ಒಳಗೆ ಹತ್ತು ಬಿಳಿ ಅಂಗಿ,
ಐದು ಉದ್ದದವು, ಐದು ಮೋಟು.
ಉದ್ದದವನ ಎದೆಯ ಕರಿ ಬಿಲ್ಲೆಯಲ್ಲಿ ಎಲ್ಡರ್ ವಿಟ್ಲಾಕ್.
ನನ್ನ ನಾಲಿಗೆಗೆ ಅವನು ವಿಠಲ.
ಎಲ್ಡರ್ ಅಂದರೆ ಹಿರಿಯ ಎಂದು
ಮೋಟು ಅಂಗಿಯ ರಾಜಮಂಡ್ರಿ ಹುಡುಗ ಬಿಡಿಸಿ ಹೇಳಿದಾಗ
ನಕ್ಕ ನಗೆಗೆ ಕೆಂಡವೇ ಚೆಲ್ಲಿತು.
"ಹತ್ತೊಂಬತ್ತಕ್ಕೇ ಹಿರೀಕನಾ? ಮೀಸೆನಾದ್ರೂ ಬರ್ಲಿ ಬುಡಪ್ಪ!"

ಅವರೇ ಒಗೆಯುವುದು, ಹುಡುಗರ ಒಗೆತ.
ಅರ್ಧ ಕಲೆ ಹಾಗೇ ಉಳಿದಿರುತ್ತದೆ.
ನೀರು ಚಿಮುಕಿಸಿ ಹಾಸಿದರೆ ಅವರ ವಾರ ನನಗೆ ಕಾಣುತ್ತದೆ.
ತೋಳಿನ ಮೇಲೆ ನೀಲಿ ಮಾರ್ಕರಿನ ಗೆರೆ: ಶನಿವಾರ,
ಬಾಡಿಗೆ ಮಹಡಿಯಲ್ಲಿ ಬಿಟ್ಟಿ ಇಂಗ್ಲಿಷ್ ಪಾಠ.
ಕಿಸೆಯೊಳಗೆ ನೆಂದು ಒಣಗಿದ ಬ್ರೆಡ್ಡಿನ ಚೂರು: ಭಾನುವಾರ.
ಹದಿನಾಲ್ಕು ಜನಕ್ಕೆ ಬ್ರೆಡ್ಡು ಮುರಿದು
ಪುಟ್ಟ ಪುಟ್ಟ ಲೋಟದಲ್ಲಿ ನೀರು ಕೊಡುತ್ತಾರಂತೆ.
ಬರೀ ನೀರಾ? ಬರೀ ನೀರೇ ಅಂತೆ.

ಕಾಫಿಯ ಕಲೆ ಮಾತ್ರ ಒಂದು ವಾರವೂ ಇಲ್ಲ.
ಕಾಫಿ ಕುಡಿಯದವನನ್ನು ಮಂಡ್ಯ ನಂಬುವುದು ಕಷ್ಟ.
"ಕಾಪಿ ಬ್ಯಾಡ, ಟೀ ಬ್ಯಾಡ, ಇನ್ನೇನ್ ಕುಡಿದೀಯಪ್ಪ, ನನ್ ಬೈಗುಳವಾ?"
ಪೇಟೆಬೀದಿಯ ದೇವೀರಮ್ಮ ಗದರಿಸಿ ಮಜ್ಜಿಗೆ ಕೊಟ್ಟಳಂತೆ.
ಅದರ ಒಗ್ಗರಣೆಯ ಅರಿಶಿನ ಎದೆಯ ಮೇಲಿತ್ತು.

ಬಾಗಿಲು ಬಡಿಯುವುದಿಲ್ಲ, ಕರೆದ ಮನೆಗೆ ಮಾತ್ರ.
ಕರೆಯುವವರು ಎಷ್ಟು ಜನ?
ಒಂದು ಅಂಗಿಯ ಬೆನ್ನಿಗೆ ಪ್ರತಿ ವಾರ ಹಸಿರು ಡಿಸ್ಟೆಂಪರು,
ತಮ್ಮದೇ ಕೋಣೆಯ ಗೋಡೆಗೆ ಒರಗಿ ಕೂತ ಗುರುತು.
ಅದರ ಮೇಲೆ ಪೆಟ್ಟಿಗೆಯನ್ನು ಎರಡು ಸಲ ಆಡಿಸುತ್ತೇನೆ.

ನಮ್ಮಜ್ಜ ನೀಲಗಾರ. ತಂಬೂರಿ ಹೆಗಲಿಗೇರಿಸಿ
ಕೋರಣ್ಯಕ್ಕೆ ಹೊರಟರೆ ಮಳವಳ್ಳಿ ಕಡೆ ತಿಂಗಳುಗಟ್ಟಲೆ.
ಒಬ್ಬಳು ಮೊರದಲ್ಲಿ ರಾಗಿ ತಂದರೆ ಇನ್ನೊಬ್ಬಳು ನಾಯಿ ಛೂ ಬಿಟ್ಟಳು.
"ಎರಡನ್ನೂ ಜೋಳಿಗೆಗೆ ಹಾಕ್ಕೊಂಡು ಬರಬೇಕು ಕಣವ್ವ" ಅನ್ನುತ್ತಿದ್ದ.
ಇದನ್ನು ಹೇಳಿದರೆ ವಿಠಲನಿಗೆ ಎಷ್ಟು ತಿಳಿಯಿತೋ,
"ನಾಯಿ! ಹೌದು, ನಾಯಿ!" ಎಂದು
ಪ್ಯಾಂಟು ಮೇಲೆತ್ತಿ ಮೀನಖಂಡ ತೋರಿಸಿದ.
ಮೂರು ಸೂಜಿ ಆಗಿತ್ತು, ಇನ್ನೆರಡು ಬಾಕಿ.

ಅವನಪ್ಪನದು ಐಡಾಹೊ ಸೀಮೆ, ಆಲೂಗಡ್ಡೆ ಹೊಲ.
ಅಲ್ಲೂ ನಾಲೆ, ಅಲ್ಲೂ ನೀರಿಗೆ ಸರದಿ,
ಅಲ್ಲೂ ತೂಬಿನ ಹತ್ತಿರ ಅಣ್ಣತಮ್ಮಂದಿರ ಜಗಳ.
ಒಂದು ವಾರ ಒಂದು ಅಂಗಿ ಮೊಣಕೈವರೆಗೂ ಕೆಸರು.
ಹೊಸಹಳ್ಳಿ ಹತ್ತಿರ ಮುದುಕನೊಬ್ಬ
ತೂಬಿನ ಹಲಗೆ ಎತ್ತಲಾರದೆ ನಿಂತಿದ್ದನಂತೆ.
ದೇವರ ವಿಷಯ ಏನಾದರೂ ಹೇಳಿದೆಯಾ ಎಂದೆ.
"ಇಲ್ಲಮ್ಮ. ಹಲಗೆ ಎತ್ತಿದೆ."

ವಾರಕ್ಕೊಂದು ಸಲ ತಾಯಿಯ ಜೊತೆ ಮಾತು.
ಅಲ್ಲಿ ಭಾನುವಾರದ ರಾತ್ರಿ, ಇಲ್ಲಿ ನನ್ನ ಮೊದಲ ಕೆಂಡ.
ಒಮ್ಮೆ ಮೊಬೈಲನ್ನು ನನ್ನ ಕಡೆ ತಿರುಗಿಸಿಯೇ ಬಿಟ್ಟ.
ಅಡುಗೆಮನೆ, ಹಳದಿ ದೀಪ, ಕೆಂಚು ಕೂದಲ ಹೆಂಗಸು.
ಏನು ಹೇಳುವುದು? ಇಸ್ತ್ರಿಪೆಟ್ಟಿಗೆ ಎತ್ತಿ ತೋರಿಸಿದೆ.
ಅವಳು ಒಳಗೆ ಓಡಿ ತನ್ನದನ್ನು ತಂದಳು,
ವೈರು ನೇತಾಡುತ್ತಿತ್ತು.
ಆಮೇಲೆ ತನ್ನ ಕಾಲರನ್ನೇ ಹಿಡಿದು
ಒಳಮೈ ಮೊದಲು, ಹೊರಮೈ ಆಮೇಲೆ ಎಂದು
ಬೆರಳಲ್ಲೇ ಹೇಳಿಕೊಟ್ಟಳು.
ಮೂವತ್ತು ವರ್ಷ ಇಸ್ತ್ರಿ ಮಾಡಿದ ನನಗೆ!
ಕೋಪ ಬರಬೇಕಿತ್ತು.
"ಆಯ್ತು ಕಣವ್ವ" ಅಂದೆ.
ಅವತ್ತಿನಿಂದ ಆ ಐದಕ್ಕೆ ಮಾತ್ರ ಒಳಮೈ ಮೊದಲು.

ಮೊನ್ನೆ ಗಂಟು ಬಂತು. ಐದು ಮೋಟು, ಐದು ಅಗಲದವು.
ವಿಠಲನಿಗೆ ಕೊಯಮತ್ತೂರಿಗೆ ವರ್ಗ.
ಹೇಳಿ ಹೋಗಲು ಬಂದಿದ್ದನಂತೆ,
ಅವತ್ತು ಅಮಾವಾಸ್ಯೆ, ನಾನು ಬೆಟ್ಟಕ್ಕೆ ಹೋಗಿದ್ದೆ.
ಹೊಸಬ ಯಾವುದೋ ಸಮುದ್ರದ ನಡುವಿನ ದ್ವೀಪದವನು,
ನಕ್ಕರೆ ಗಾಡಿ ಅಲ್ಲಾಡುತ್ತದೆ.

ಅಗಲದ ಅಂಗಿ ಹಾಸಿದೆ. ಹೊಚ್ಚ ಹೊಸದು,
ಓದಲು ಒಂದು ಕಲೆಯೂ ಇಲ್ಲ.
ಇವನ ತಾಯಿ ಕಾಲರನ್ನು ಯಾವ ಕಡೆಯಿಂದ ತಿಕ್ಕುತ್ತಾಳೋ,
ಕೇಳೋಣವೆಂದು ತಡೆದೆ.
ಕೈಯಲ್ಲಿ ಪೆಟ್ಟಿಗೆ ಆರುತ್ತಿತ್ತು.